ತಂಗಿಗೆ ಬಯೋಟೆಕ್ನಾಲಜಿ: ಬಿ.ಎಸ್ಸಿ.ಯಾ, ಬಿ.ಇ.ಯಾ?

ನಮಸ್ಕಾರ ಸರ್. ನೀಟ್‌ನಲ್ಲಿ ಸೀಟು ಸಿಗದ ತಂಗಿಯನ್ನು ದಾವಣಗೆರೆಯಲ್ಲೇ ಬಯೋಟೆಕ್ನಾಲಜಿಗೆ ಸೇರಿಸಬೇಕು, ಬಿ.ಎಸ್ಸಿ. ಒಳ್ಳೆಯದಾ, ಬಿ.ಇ. ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಬಿ.ಎಸ್ಸಿ. ಓದಿದವನು.

ಮೊದಲು ಒಂದು ಕೇಳಿ: ಅವಳಿಗೆ ಗಣಿತ ಇಷ್ಟವಾ? ಬಿ.ಇ. ಹೆಸರಲ್ಲಿ ಬಯೋ ಇದ್ದರೂ ಅರ್ಧ ಕೆಮಿಕಲ್ ಎಂಜಿನಿಯರಿಂಗೇ. ನಮ್ಮ ಬೆಣ್ಣೆದೋಸೆ ಹಿಟ್ಟು ರಾತ್ರಿ ಪಾತ್ರೆಯಲ್ಲಿ ತಾನೇ ಹುದುಗುತ್ತದೆ, ಅಲ್ವಾ? ಅದನ್ನೇ ಸಾವಿರಾರು ಲೀಟರಿನ ಟ್ಯಾಂಕಿನಲ್ಲಿ ಮಾಡಬೇಕಾದರೆ ಗಾಳಿ ಎಷ್ಟು, ಬಿಸಿ ಎಷ್ಟು, ಎಷ್ಟು ಜೋರಾಗಿ ಕಲಕಬೇಕು ಎಂದೆಲ್ಲ ಲೆಕ್ಕ ಹಾಕಬೇಕು. ಇನ್ಸುಲಿನ್ ತಯಾರಾಗುವುದೂ ಹೀಗೆ, ಜೀನ್ ಬದಲಿಸಿದ ಯೀಸ್ಟ್ ಅಥವಾ ಬ್ಯಾಕ್ಟೀರಿಯಾದಿಂದ. ಈ ಲೆಕ್ಕ ಬೇಜಾರಾದರೆ 4 ವರ್ಷ ಕಷ್ಟ.

ಬಿ.ಎಸ್ಸಿ. 3 ವರ್ಷ, ಖರ್ಚೂ ಕಡಿಮೆ. ಆದರೆ ಅದೊಂದರಿಂದಲೇ ಒಳ್ಳೆ ಕೆಲಸ ಸಿಗುತ್ತದೆ ಅಂತ ನಂಬಬೇಡಿ. ಎಂ.ಎಸ್ಸಿ. ಬೇಕೇ ಬೇಕು. ಎಂ.ಎಸ್ಸಿ. ಸೀಟಿಗಾಗಿ ನಡೆಯುವ ಐಐಟಿಗಳ ಜ್ಯಾಮ್, ಜೊತೆಗೆ ಬಯೋಟೆಕ್ನಾಲಜಿಯದೇ ಆದ ಗ್ಯಾಟ್-ಬಿ ಪ್ರವೇಶ ಪರೀಕ್ಷೆಗೆ ಎರಡನೇ ವರ್ಷದಿಂದಲೇ ಓದಲಿ. ನನಗೆ ಇವುಗಳ ಹೆಸರು ಗೊತ್ತಾಗಿದ್ದೇ ಕೊನೆಯ ಸೆಮಿಸ್ಟರಿನಲ್ಲಿ!

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಯಂತ್ರವನ್ನು ಮಕ್ಕಳ ಕೈಗೆ ಕೊಡುತ್ತಾರಾ, ಇಲ್ಲ ಸುಮ್ನೆ ದೂರದಿಂದ ತೋರಿಸುತ್ತಾರಾ? ಸೀನಿಯರ್‌ಗಳನ್ನೇ ಕೇಳಿ, ನಿಜ ಹೇಳುತ್ತಾರೆ.

ಮತ್ತೆ, ಕೆಲಸ ಜಾಸ್ತಿ ಇರುವುದು ಬೆಂಗಳೂರಿನಲ್ಲಿ. ಮನೆಯವರು ಅಷ್ಟು ದೂರ ಕಳಿಸುತ್ತಾರಾ ಎಂಬುದನ್ನು ಈಗಲೇ ಮಾತಾಡಿಕೊಳ್ಳಿ.