ಸಲುಗೆಯ ಮಾತು ಕಿರುಕುಳವಾಗುವುದು ಯಾವಾಗ?

ಪ್ರಶ್ನೆ: ಸಹೋದ್ಯೋಗಿಯೊಬ್ಬರು ರಾತ್ರಿ ಹೊತ್ತು ನನ್ನ ಮೈಮಾಟ ಹೊಗಳಿ ಮೆಸೇಜ್ ಕಳಿಸುತ್ತಾರೆ, ಹೊರಗೆ ಸಿಗೋಣ ಎಂದು ಪೀಡಿಸುತ್ತಾರೆ. ಬೇಡವೆಂದರೆ ‘ತಮಾಷೆಗೆ ಹೇಳಿದೆ’ ಎನ್ನುತ್ತಾರೆ. ದೂರು ಕೊಡಬಹುದೇ?

ಉತ್ತರ: ಖಂಡಿತ ಕೊಡಬಹುದು. ತಮಾಷೆ ಎಂಬ ಸಮಜಾಯಿಷಿ ನಿಲ್ಲದು. ಆ ವರ್ತನೆ ನಿಮಗೆ ಬೇಡವಾಗಿತ್ತೇ ಎಂಬುದೇ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಮುಖ್ಯ ಅಳತೆಗೋಲು. ಪರಸ್ಪರ ಇಷ್ಟವಿದ್ದರೆ ಅದು ಸಲುಗೆ. ನೀವು ಬೇಡವೆಂದ ಮೇಲೂ ಇಂಥ ಮಾತು ಮುಂದುವರಿದರೆ ಕಿರುಕುಳ. ಬಡ್ತಿಯ ಆಮಿಷವೊಡ್ಡಿ ಲೈಂಗಿಕ ಬೇಡಿಕೆಯಿಟ್ಟರಂತೂ ಒಂದೇ ಸಲವಾದರೂ ಸಾಕು.

ಸಿಟ್ಟಿನಲ್ಲಿ ಮೆಸೇಜ್ ಅಳಿಸಬೇಡಿ, ಸಾಕ್ಷ್ಯವೇ ಹೋಗುತ್ತದೆ. ‘ಬೇಡ’ ಎಂದು ಬರೆದೇ ತಿಳಿಸಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಇಂಥ ದೂರು ವಿಚಾರಿಸುವ ನಿಮ್ಮ ಕಚೇರಿಯ ಆಂತರಿಕ ಸಮಿತಿಗೆ ಲಿಖಿತ ದೂರಿನ 6 ಪ್ರತಿ ಕೊಡಿ. ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕಾಲಾವಕಾಶ ನೀಡಬಹುದು. ನೌಕರರು 10ಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಡಿ ಪೊಲೀಸರಿಗೂ ದೂರಬಹುದು.