ಹೊಸ ಲ್ಯಾಪ್‌ಟಾಪ್ ಕೊಳ್ಳದೆ, ಹಳೇದರಲ್ಲೇ ಬ್ರೌಸಿಂಗ್ ವೇಗ ಹೆಚ್ಚಿಸೋದು ಹೇಗೆ?
4 ಜಿಬಿ ರ‍್ಯಾಮ್ (ತೆರೆದಿರೋ ಕೆಲಸಗಳನ್ನು ಇಟ್ಟುಕೊಳ್ಳೋ ಮೆಮೊರಿ), ಹಳೆ ಹಾರ್ಡ್ ಡಿಸ್ಕ್, ನಾಲ್ಕು ಟ್ಯಾಬ್ ತೆರೆದರೆ ನಿಂತೇಬಿಡುತ್ತೆ ಅಂದಿದ್ದೀರಿ. ಮೊದಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಫೈಲ್ ಇಡೋ ವೇಗದ ಡ್ರೈವ್ ಹಾಕಿಸಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕ್‌ನಲ್ಲಿ ಇಡುತ್ತೆ. ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಿ ಅದನ್ನು ಹುಡುಕಬೇಕು, ಅದಕ್ಕೇ ಮೌಸ್ ಕೂಡ ಅಂಟಿಕೊಂಡ ಹಾಗೆ ಆಗೋದು. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ.

ವಿಜಯಪುರದಲ್ಲಿ ನನ್ನ ತಂಗಿಯ ಲ್ಯಾಪ್‌ಟಾಪ್‌ಗೂ ಇದೇ ಪಾಡಾಗಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ (ಯಾವುದು ಎಷ್ಟು ಬಳಕೆಯಾಗ್ತಿದೆ ಅಂತ ತೋರಿಸೋ ವಿಂಡೋ) ನೋಡಿದರೆ, ಸುಮ್ನೆ ಇದ್ದಾಗಲೂ ಡಿಸ್ಕ್ 100% ತೋರಿಸುತ್ತಿತ್ತು. 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು, ಆ ತೊಂದರೆ ಹೋಯಿತು. ಅದೇ ದಿನ ಫ್ಯಾನ್ ಬಿಚ್ಚಿಸಿದರೆ, ಗಾಳಿ ಹೋಗೋ ಜಾಗದಲ್ಲಿ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು! ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ ಅಲ್ವಾ, ಜಾಸ್ತಿ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ದಯವಿಟ್ಟು ಹಾಸಿಗೆ ಮೇಲಿಟ್ಟು ಬಳಸಬೇಡಿ.

ದುಡ್ಡು ಖರ್ಚಿಲ್ಲದ ಕೆಲಸಗಳೂ ಇವೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಭಾಗದಲ್ಲಿ ಬೇಡದ ಆ್ಯಪ್‌ಗಳನ್ನು ಆಫ್ ಮಾಡಿ, ಆ್ಯಂಟಿವೈರಸ್ ಮಾತ್ರ ಮುಟ್ಟಬೇಡಿ. ಕ್ರೋಮ್ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿ, ಬಳಸದ ಟ್ಯಾಬ್‌ಗಳು ಹಿಡಿದ ಮೆಮೊರಿ ಬಿಡಿಸುತ್ತೆ. ಬಳಸದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂ) ತೆಗೆದುಹಾಕಿ.

ವಿಂಡೋಸ್ 10 ಇದೆಯಾ? ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಾಕಲು ಬರದಿದ್ದರೆ, ವಿಂಡೋಸ್ ಬದಲು ಬಳಸೋ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಅದು ಹಗುರ, ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಇನ್‌ಸ್ಟಾಲ್ ಮಾಡೋ ಮುಂಚೆ ಫೋಟೋ, ಫೈಲ್ ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.