ಚೌದಾ-ಪಂಧರಾ ಅಂದರೆ ಹದಿನಾಲ್ಕು-ಹದಿನೈದು

ನಿಮ್ಮ ಅಕ್ಕನ ಮಗನನ್ನು ಗಾಡಿ ರಿಪೇರಿ ಕೆಲಸ ಕಲಿಯಲು ನಿಪ್ಪಾಣಿ ಕಡೆ ಬಿಡಬೇಕು ಅಂತಿದ್ದೀರಿ. ಇಲ್ಲಿ ಆ ಕೆಲಸ ಹೇಗೆ ಕಲಿಸುತ್ತಾರೆ, ಕನ್ನಡದಲ್ಲೋ ಮರಾಠಿಯಲ್ಲೋ, ಮಹಾರಾಷ್ಟ್ರದ ಗಡಿ ಗಲಾಟೆಯಿಂದ ಹುಡುಗನಿಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. ಮೈಸೂರು ಕಡೆಯಿಂದ ಬಂದವರು ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ನೀವು ಕೆಲಸದ ಬಗ್ಗೆ ಮೊದಲು ಕೇಳಿದಿರಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಬರೆದ ಬೇಸಿಗೆಯಲ್ಲಿ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿಗೆ ಸೇರಿದೆ. ನಮ್ಮ ಮಾಮಾಗೆ ಪರಿಚಯ ಇದ್ದ ಮಿಸ್ತ್ರಿಯದು. ಇಲ್ಲಿ ಮೆಕ್ಯಾನಿಕ್ ಅಂದರೆ ಮಿಸ್ತ್ರಿ, ಸ್ಪ್ಯಾನರ್ ಅಂದರೆ ಪಾನಾ. ಮೊದಲ ದಿನ ನನಗೆ ಮಿಸ್ತ್ರಿಯ ಮುಖ ಕಾಣಲಿಲ್ಲ. ಲಾರಿ ಕೆಳಗಿಂದ ಎರಡು ಕಾಲು ಕಾಣುತ್ತಿದ್ದವು, ಅಷ್ಟೇ. ಆಮೇಲೆ ಗ್ರೀಸ್ ಮೆತ್ತಿದ ಒಂದು ಕೈ ಹೊರಗೆ ಬಂತು. "ಚೌದಾ-ಪಂಧರಾ."

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವನು ನಾನು. ಲೆಕ್ಕ ಗೊತ್ತಿತ್ತು. ಆದರೂ ಗಾಬರಿಯಲ್ಲಿ ಹನ್ನೆರಡು-ಹದಿಮೂರು ಕೊಟ್ಟೆ. ಪಾನಾ ಹೋದಷ್ಟೇ ಬೇಗ ವಾಪಸ್ ಬಂತು, ನನ್ನ ಚಪ್ಪಲಿ ಪಕ್ಕದಲ್ಲೇ ಬಿತ್ತು. ಒಂದು ತುದಿಗೆ 14 ಮಿಲಿಮೀಟರ್, ಇನ್ನೊಂದು ತುದಿಗೆ 15, ಅದು ಚೌದಾ-ಪಂಧರಾ. 6-7ರಿಂದ 20-22ರ ತನಕ ಒಟ್ಟು ಎಂಟು ಪಾನಾ. ಅಂಕಿ ಓದದೆ, ಬರೀ ಕೈಯ ತೂಕದಲ್ಲಿ ಯಾವುದು ಅಂತ ಗೊತ್ತಾಗುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು.

ಈಗ ಭಾಷೆಯ ಮಾತು. ನಮ್ಮ ಮಿಸ್ತ್ರಿಯ ಮನೆಮಾತು ದಖನಿ ಉರ್ದು. ಗಿರಾಕಿ ಬಾಯಿ ತೆರೆದ ಮೇಲೆ ಕನ್ನಡವೋ ಮರಾಠಿಯೋ ನೋಡಿಕೊಂಡು ಮಾತಾಡುತ್ತಿದ್ದರು. ಪಾನಾದ ಲೆಕ್ಕ ಮಾತ್ರ ಯಾವಾಗಲೂ ಮರಾಠಿ. ಯಾಕೆ ಅಂತ ಒಮ್ಮೆ ಕೇಳಿದೆ. ಅವರ ಉಸ್ತಾದ ಕೊಲ್ಲಾಪುರದಲ್ಲಿ ಕೆಲಸ ಕಲಿತವರಂತೆ, ಲೆಕ್ಕ ಅಲ್ಲಿಂದ ಬಂತು. ನಮಗೆ ಕೊಲ್ಲಾಪುರ 40 ಕಿಲೋಮೀಟರ್ ಆಸುಪಾಸು. ಜಿಲ್ಲಾ ಕೇಂದ್ರ ಬೆಳಗಾವಿ ಹೆಚ್ಚುಕಡಿಮೆ ಅದರ ದುಪ್ಪಟ್ಟು ದೂರ. ಸ್ಪೇರ್ ಪಾರ್ಟು ಎಲ್ಲಿ ಬೇಗ ಸಿಗುತ್ತೋ ಕೆಲಸದ ಮಾತೂ ಅಲ್ಲಿಂದಲೇ ಬರುತ್ತೆ, ಅಲ್ವಾ? ಸಂಕೇಶ್ವರ ದಾಟಿ ಗೋಕಾಕ ಕಡೆ ಹೋದರೆ ಅದೇ ಪಾನಾ ಹದಿನಾಲ್ಕು-ಹದಿನೈದು ಆಗುತ್ತದೆ. ನಟ್ಟು ಎರಡಕ್ಕೂ ಬಿಚ್ಚುತ್ತದೆ. ಬೈಗುಳ ಮಾತ್ರ, ಎದುರು ನಿಂತ ಗಿರಾಕಿಗೆ ಅರ್ಥವಾಗದ ಭಾಷೆಯಲ್ಲಿ ಬೀಳುತ್ತಿತ್ತು. ಅಷ್ಟು ಮರ್ಯಾದೆ ಇತ್ತು ನಮಗೆ.

ಗಲಾಟೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತೆ. 2022ರ ಡಿಸೆಂಬರಿನಲ್ಲಿ ಬಸ್ಸುಗಳಿಗೆ ಮಸಿ ಬಳಿದರು, ಎರಡೂ ಕಡೆಯ ಬಸ್ಸು ನಿಂತವು. ಇಲ್ಲಿ ಏನೇ ಆದರೂ ಮೊದಲು ನಿಲ್ಲುವುದು ಬಸ್ಸು. ಆಗ ನನಗೆ ಬೇಕಾಗಿದ್ದ ಒಂದು ಕ್ಲಚ್ ಪ್ಲೇಟು ಬೈಕಿನ ಹಿಂದೆ ಕಟ್ಟಿಕೊಂಡು ಬಂತು. ಗ್ಯಾರೇಜಿನ ಮುಂದೆ ಬೆಳಿಗ್ಗೆ ಸಾಲಾಗಿ ನಿಲ್ಲುವ ಗಾಡಿಗಳ ನಂಬರು ನೋಡಿ: ಚಿಕ್ಕೋಡಿಯ ಕೆಎ 23, ಕೊಲ್ಲಾಪುರದ ಎಂಎಚ್ 09, ಮತ್ತೆ ಕೆಎ 23. ಎಂಎಚ್ ಗಾಡಿ ತಂದು ಇಲ್ಲೇ ಓಡಿಸುವವರೂ ಜಾಸ್ತಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಬೇಕು ಅಂತ ಕಾನೂನು ಇದೆ. ಅದನ್ನು ಆರ್‌ಟಿಒ ಕಚೇರಿಗಿಂತ ಮೊದಲು ಮಿಸ್ತ್ರಿಯ ಹತ್ತಿರ ಕೇಳುತ್ತಾರೆ. ಎನ್‌ಒಸಿ, ಅಂದರೆ ಹಳೆಯ ಆರ್‌ಟಿಒ ಕೊಡುವ ಆಕ್ಷೇಪಣೆ ಇಲ್ಲ ಅನ್ನುವ ಪತ್ರದ ಬಗ್ಗೆ ಹೇಳುವುದು ಕೂಡ ಈ ಊರಿನ ಮಿಸ್ತ್ರಿಯ ಕೆಲಸವೇ. ಅದಕ್ಕೆ ಕೂಲಿ ಇಲ್ಲ.

ಕಲಿಯುವುದು ಹೇಗೆ ಅಂದರೆ, ಮೊದಲ ಆರು ತಿಂಗಳು ಯಾರೂ ಏನೂ ಕಲಿಸುವುದಿಲ್ಲ. ಚಹಾ ತರಬೇಕು, ಹವಾ ಹಾಕಬೇಕು, ಡೀಸೆಲ್ ಡಬ್ಬಿಯಲ್ಲಿ ಬ್ರಷ್ ಅದ್ದಿ ಪಾರ್ಟು ತೊಳೆಯಬೇಕು. ನಾನು ಆಗ ಸುಮ್ನೆ ಸಿಟ್ಟು ಮಾಡಿಕೊಂಡಿದ್ದೆ. ಈಗ ನನ್ನ ಗ್ಯಾರೇಜಿನ ಹುಡುಗರಿಗೂ ಅದೇ ಕೆಲಸ ಕೊಡುತ್ತೇನೆ. ಯಾಕೆಂದರೆ ತೊಳೆಯುವಾಗಲೇ ಕಾಣುವುದು: ಈ ಬೇರಿಂಗ್ ನೀಲಿ ತಿರುಗಿದೆ, ಈ ಗೇರಿನ ಹಲ್ಲು ಒಂದೇ ಕಡೆ ಸವೆದಿದೆ. ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಸಾಲಾಗಿ ಇಡಬೇಕು. ಯಾವ ವಾಷರ್ ಯಾವ ಬೋಲ್ಟಿನದು ಅಂತ ಸಾಲೇ ಹೇಳುತ್ತದೆ. ನಾಯಿ ಬಂದು ಒಮ್ಮೆ ಆ ಗೋಣಿಯ ಮೇಲೆ ಮಲಗಿತ್ತು. ಗೇರ್‌ಬಾಕ್ಸ್ ಜೋಡಿಸಲು ಎರಡು ದಿನ ಹಿಡಿಯಿತು.

ಆಮೇಲೆ ಐಟಿಐ. ಹತ್ತನೇ ತರಗತಿ ಮುಗಿದ ಮೇಲೆ ಮೆಕ್ಯಾನಿಕ್ ಮೋಟರ್ ವೆಹಿಕಲ್ ಅಂತ ಟ್ರೇಡ್ ಇದೆ, 2 ವರ್ಷ. ಡೀಸೆಲ್ ಮೆಕ್ಯಾನಿಕ್ ಆದರೆ 1 ವರ್ಷ. ಗ್ಯಾರೇಜು ಇದ್ದ ಮೇಲೆ ಐಟಿಐ ಯಾಕೆ ಅಂತ ಮಿಸ್ತ್ರಿಯೇ ನಗುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ವರ್ಷದ ರಜೆಯಲ್ಲಿ ಆದ ಒಂದು ಕಥೆ ಹೇಳುತ್ತೇನೆ.

ಒಂದು ಕಾರಿಗೆ ಹೊಸ ಸ್ಪಾರ್ಕ್ ಪ್ಲಗ್ ಹಾಕುತ್ತಿದ್ದೆ. ಹಳೆಯ ಲಾರಿಗಳ ಬೀಡುಕಬ್ಬಿಣದ ಇಂಜಿನ್ ಹೆಡ್‌ನಲ್ಲಿ ಕೈ ಪಳಗಿತ್ತು. ಕರ್ರ್ ಅನ್ನುವ ತನಕ ಬಿಗಿ ಮಾಡುವುದು ನಮ್ಮ ರೂಢಿ. ಈ ಕಾರಿನ ಹೆಡ್ ಅಲ್ಯೂಮಿನಿಯಂದು. ಕರ್ರ್ ಅನ್ನಲಿಲ್ಲ, ಬೆಣ್ಣೆಯಲ್ಲಿ ಚಾಕು ತಿರುಗಿದ ಹಾಗೆ ತಿರುಗಿತು. ಥ್ರೆಡ್ ಪೂರ್ತಿ ಹೋಗಿತ್ತು. ಮಿಸ್ತ್ರಿ ಬೈಯಲಿಲ್ಲ. ಹೆಡ್ ಬಿಚ್ಚಿ, ಲೇತ್‌ನವರ ಹತ್ತಿರ ಹೊಸ ಥ್ರೆಡ್ ಕೂರಿಸಿ ತಂದರು. ಮರುದಿನ ಕೇಳಿದರು, "ಆ ಕಟ್ ಅನ್ನೋ ಪಾನಾ ನಿಮ್ಮ ಸಾಲಿಯೊಳಗ ಐತಿ ಅಂದಿದ್ದೆಲ್ಲಾ, ಅದಕ್ಕೇನಂತಾರ?" ಟಾರ್ಕ್ ರೆಂಚ್ ಅಂದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿದರೆ ಅಷ್ಟಕ್ಕೇ ಕಟ್ ಅನ್ನುತ್ತದೆ. ತಿಂಗಳೊಳಗೆ ಒಂದು ಕೊಂಡು ತಂದರು. ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಐಟಿಐನಲ್ಲಿ ಸಿಕ್ಕಿದ್ದು ಇಂಥವೇ. 0.02 ಮಿಲಿಮೀಟರ್ ತನಕ ಅಳೆಯುವ ವರ್ನಿಯರ್. ಹೆಡ್ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಗಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು ಅನ್ನುವುದು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಇಂಧನ ಸಾಮಾನ್ಯವಾಗಿ 1-3-4-2 ಸಿಲಿಂಡರಿನ ಕ್ರಮದಲ್ಲೇ ಯಾಕೆ ಉರಿಯುತ್ತದೆ ಅನ್ನುವುದು. ಮಿಸ್ತ್ರಿಗೆ ಕ್ರಮ ಗೊತ್ತಿತ್ತು, ಯಾಕೆ ಅನ್ನುವುದು ಗೊತ್ತಿರಲಿಲ್ಲ. ಐಟಿಐ ಸರ್‌ಗೆ ಯಾಕೆ ಅನ್ನುವುದು ಗೊತ್ತಿತ್ತು, ಆದರೆ ಓಡುವ ಇಂಜಿನ್ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ, ಹಿಡಿಗೆ ಕಿವಿ ಇಟ್ಟು, ಯಾವ ಬೇರಿಂಗ್ ಹೋಗಿದೆ ಅಂತ ಹೇಳಲು ಬರುತ್ತಿರಲಿಲ್ಲ.

ಐಟಿಐ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಒಂದು ವರ್ಷ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಇದ್ದೆ. ಸ್ಟೈಪೆಂಡ್ ಕೊಡುತ್ತಾರೆ. ಅಲ್ಲಿ ಕಲಿತದ್ದು ಬರೆಯುವುದು. ರಾತ್ರಿ ಬಂದ ಪ್ರತಿ ಬಸ್ಸಿಗೂ ಡ್ರೈವರ್ ದೂರು ಏನು, ನಾವು ಮಾಡಿದ್ದೇನು, ಅಷ್ಟನ್ನೂ ಬರೆದು ಸಹಿ ಹಾಕಬೇಕು. ನನ್ನ ಗ್ಯಾರೇಜಿನಲ್ಲಿ ಇವತ್ತಿಗೂ ಪ್ರತಿ ಗಾಡಿಗೆ ಒಂದು ಪುಟ ಇದೆ.

ಹುಡುಗನಿಗೆ ನಿಜವಾಗಿ ಕಷ್ಟ ಕೊಡುವ ಭಾಷೆ ಯಾವುದು ಅಂದರೆ ಮರಾಠಿ ಅಲ್ಲ. ಸ್ಕ್ಯಾನರಿನ ಭಾಷೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂತು. ಆಮೇಲೆ ಬಂದ ಗಾಡಿಗಳಿಗೆ ಏನಾಗಿದೆ ಅಂತ ಕಿವಿಯಿಂದ ಪೂರ್ತಿ ಗೊತ್ತಾಗುವುದಿಲ್ಲ. ಗಾಡಿಯ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಏನು ಕೆಟ್ಟಿದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಮೂವತ್ತು ವರ್ಷ ಕೆಲಸ ಮಾಡಿದವರು ಆ ಒಂದು ಸಾಲಿನ ಮುಂದೆ ನಿಂತುಬಿಡುತ್ತಾರೆ. ಎಷ್ಟೋ ಜನ ಹೊಸ ಗಾಡಿ ಮುಟ್ಟುವುದನ್ನೇ ಬಿಟ್ಟರು.

ಎರಡು ವರ್ಷದ ಹಿಂದೆ, ಕಬ್ಬಿನ ಸೀಸನ್ ನಡುವೆ, ಲೋಡ್ ಆದ ಒಂದು ಲಾರಿ ಬಂತು. ಎಂಎಚ್ 09. ಲೈಟು ಹತ್ತಿದೆ, ಗಾಡಿ ಎಳೆಯುತ್ತಿಲ್ಲ. ಡ್ರೈವರ್ ದಾದಾಗೆ ಸಕ್ಕರೆ ಕಾರ್ಖಾನೆಯ ಪಾಳಿ ತಪ್ಪುವ ಚಿಂತೆ. ಸ್ಕ್ಯಾನರ್ ಪಿ207ಎಫ್ ಅಂತು. ನನ್ನ ಹತ್ತಿರ ಇರುವ ಐಟಿಐ ಹುಡುಗ ಅಕ್ಷರ ಕೂಡಿಸಿ ಓದಿದ, "ರಿಡಕ್ಟಂಟ್ ಕ್ವಾಲಿಟಿ." ಅಂದರೆ ಡೆಫ್, ಡ್ರೈವರುಗಳ ಮಾತಿನಲ್ಲಿ ಯೂರಿಯಾ. ಹೊಗೆ ಶುದ್ಧ ಮಾಡಲು ಸೈಲೆನ್ಸರಿನೊಳಗೆ ಸಿಂಪಡಿಸುವ ದ್ರವ. ಅದರಲ್ಲಿ ಯೂರಿಯಾ 32.5 ಶೇಕಡ ಇರಬೇಕು. ಹುಡುಗ ಸೆನ್ಸರ್ ಹೋಗಿರಬಹುದು ಅಂದ.

ನಮ್ಮ ಮಿಸ್ತ್ರಿಗೆ ಈಗ ವಯಸ್ಸಾಗಿದೆ. ಸಂಜೆ ಬಂದು ನನ್ನ ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಎದ್ದು ಬಂದು ಡೆಫ್ ಟ್ಯಾಂಕಿನ ಮುಚ್ಚಳ ತೆಗೆಸಿದರು. ಕಡ್ಡಿ ಅದ್ದಿ ಎರಡು ಹನಿ ಬಿಸಿ ಇದ್ದ ತಗಡಿನ ಮೇಲೆ ಬಿಟ್ಟರು. ನನ್ನ ಡಬ್ಬಿಯ ಹೊಸ ಡೆಫ್ ಎರಡು ಹನಿ ಪಕ್ಕದಲ್ಲಿ. ಒಣಗಿದ ಮೇಲೆ ನಮ್ಮದು ಉಪ್ಪಿನ ಹಾಗೆ ಬೆಳ್ಳಗೆ ನಿಂತಿತು. ಲಾರಿಯದು ಬರೀ ಒಂದು ಕಲೆ. ಮಿಸ್ತ್ರಿ ಡ್ರೈವರ್ ಮುಖ ನೋಡಿದರು. "ಪಾಣಿ?" ಡ್ರೈವರ್ ತಲೆ ಕೆರೆದುಕೊಂಡ. ದಾರಿಯಲ್ಲಿ ಡೆಫ್ ಸಿಗಲಿಲ್ಲವಂತೆ, ಎರಡು ಬಾಟಲಿ ನೀರು ಸುರಿದಿದ್ದ. ಟ್ಯಾಂಕ್ ಖಾಲಿ ಮಾಡಿ, ತೊಳೆದು, ಹೊಸದು ತುಂಬಿ ಕಳಿಸಿದೆವು. ಸೆನ್ಸರಿನ ದುಡ್ಡು ಉಳಿಯಿತು. ಆದರೆ ಹುಡುಗ ಆ ಸಾಲು ಓದದಿದ್ದರೆ ನಾವು ಡೀಸೆಲ್ ಫಿಲ್ಟರಿನಿಂದ ಹುಡುಕಲು ಶುರು ಮಾಡಿ ರಾತ್ರಿ ಕಳೆಯುತ್ತಿದ್ದೆವು.

ಹಾಗಾಗಿ ನಿಮ್ಮ ಹುಡುಗನನ್ನು ಬರೀ ಗ್ಯಾರೇಜಿಗೆ ಬಿಡಬೇಡಿ, ಬರೀ ಐಟಿಐಗೂ ಬೇಡ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ ಹಾಕಿ ಮೇಲ್ದರ್ಜೆಗೆ ಏರಿಸಿದರು. ಅಂಥದ್ದರಲ್ಲಿ ಸೀಟು ಸಿಗುತ್ತಾ ನೋಡಿ. ಸೇರಿಸುವ ಮೊದಲು ವರ್ಕ್‌ಶಾಪ್ ಒಳಗೆ ಹೋಗಿ ಬನ್ನಿ. ಇಂಜಿನ್ ಮೇಲೆ ಧೂಳು ಕೂತಿದ್ದರೆ ಬೇರೆ ಕಡೆ ನೋಡಿ. ಇಂಗ್ಲಿಷ್ ಮಾತಾಡಲು ಬರದಿದ್ದರೂ ನಡೆಯುತ್ತೆ, ಓದಲು ಬರಬೇಕು.

ದೀಪಾವಳಿ ರಜೆಗೆ ಕಳಿಸಿ, ಕಬ್ಬಿನ ಸೀಸನ್ ಶುರುವಾಗಿರುತ್ತದೆ, ಕೆಲಸ ಜಾಸ್ತಿ ಇರುತ್ತದೆ. ಹಳೆಯ ಬಟ್ಟೆ ಎರಡು ಜೊತೆ ಸಾಕು. ಬರುವ ಮೊದಲು ಮರಾಠಿಯಲ್ಲಿ ಎಣಿಸಲು ಕಲಿತಿರಲಿ. ಬಾವೀಸ್, ಅಂದರೆ ಇಪ್ಪತ್ತೆರಡರ ತನಕ ಬಂದರೆ ಆಯಿತು. ಅದಕ್ಕಿಂತ ದೊಡ್ಡ ಪಾನಾ ಮೊದಲ ವರ್ಷ ಅವನ ಕೈಗೆ ಕೊಡುವುದಿಲ್ಲ.